ಕೌನಸ್ ಊರಿನ ಹಸಿರು ಪಡೆ: ಜಾಲ್ಗಿರಿಸ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಎಂಬತ್ತು ವರ್ಷ

1944ರ ಆಗಸ್ಟ್ ಒಂದರಂದು ಸೋವಿಯತ್ ಸೇನೆ ಕೌನಸ್ ನಗರವನ್ನು ಹೊಕ್ಕಿತು. ಐದು ವರ್ಷಗಳೊಳಗೆ ಆ ಊರು ಕಂಡ ಮೂರನೆಯ ಪರದಾಳಿ ಅದು. 1940ರಲ್ಲಿ ಸೋವಿಯತ್ ಪಡೆ ಬಂದಿತ್ತು, 1941ರಲ್ಲಿ ಹಿಟ್ಲರನ ಪಡೆ, ಈಗ ಮತ್ತೆ ಸೋವಿಯತ್. ನಡುವಿನ ಮೂರು ವರ್ಷಗಳಲ್ಲಿ ನಗರದ ಯಹೂದಿ ಸಮುದಾಯವನ್ನು ಬಹುಪಾಲು ಕೊಂದು ಮುಗಿಸಲಾಗಿತ್ತು. ಉಳಿದವರಲ್ಲಿ ಸಾವಿರಾರು ಮಂದಿ ಪಶ್ಚಿಮಕ್ಕೆ ಓಡಿಹೋಗಿದ್ದರು. ಅವರಲ್ಲಿ ಲಿಥುವೇನಿಯಕ್ಕೆ ಕೀರ್ತಿ ತಂದ ಆಟಗಾರರೂ ಇದ್ದರು. ಅದೇ ವರ್ಷ, ಅದೇ ಊರಿನಲ್ಲಿ ಜಾಲ್ಗಿರಿಸ್ ಕ್ರೀಡಾ ಸಂಘ ಹುಟ್ಟಿತು. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯೇ ಈ ಲೇಖನದ ವಸ್ತು.

ಇಂದಿಗೂ ಇಡೀ ಲಿಥುವೇನಿಯದ ಜನಸಂಖ್ಯೆ 30 ಲಕ್ಷ ಮುಟ್ಟುವುದಿಲ್ಲ. ಕೌನಸ್ ನಗರದ್ದು ಸುಮಾರು ಮೂರು ಲಕ್ಷ. ಮ್ಯಾಡ್ರಿಡ್, ಬಾರ್ಸಿಲೋನಾ, ಇಸ್ತಾಂಬುಲ್, ಅಥೆನ್ಸ್ ನಗರಗಳ ಸಿರಿವಂತ ಕ್ಲಬ್ಬುಗಳು ಆಡುವ ಯೂರೋಲೀಗ್‌ನಲ್ಲಿ ಇಷ್ಟು ಸಣ್ಣ ಊರಿನ ತಂಡವೊಂದು ಕಾಯಂ ಸ್ಥಾನ ಪಡೆದಿರುವುದನ್ನು ಪಂದ್ಯಗಳ ಪಟ್ಟಿಯಿಂದಷ್ಟೇ ವಿವರಿಸಲಾಗದು. ಆಳುವವರು ಬದಲಾದರು, ಹಣ ಕೊಡುವವರು ಬದಲಾದರು, ಒಂದೆರಡು ಸಲ ಹಣವೇ ಇಲ್ಲವಾಯಿತು. ಆದರೆ ಊರು ಮಾತ್ರ ತಂಡದ ಕೈ ಬಿಡಲಿಲ್ಲ.

ಪೂರ್ವರಂಗ: 1922–1940

ಕ್ಲಬ್ಬಿನ ವಯಸ್ಸು ಎಂಬತ್ತಾದರೂ ಅದರ ಬೇರು ಇನ್ನೂ ಹಿಂದಿನದು. ಮೊದಲ ಮಹಾಯುದ್ಧದ ನಂತರ ಸ್ವತಂತ್ರವಾದ ಲಿಥುವೇನಿಯಕ್ಕೆ ತನ್ನ ಐತಿಹಾಸಿಕ ರಾಜಧಾನಿ ವಿಲ್ನಿಯಸ್ ದಕ್ಕಲಿಲ್ಲ, ಅದು ಪೋಲೆಂಡಿನ ವಶದಲ್ಲಿತ್ತು. ಹೀಗಾಗಿ ಕೌನಸ್ ತಾತ್ಕಾಲಿಕ ರಾಜಧಾನಿಯಾಯಿತು. ಇಪ್ಪತ್ತೇ ವರ್ಷಗಳಲ್ಲಿ ಅಲ್ಲಿ ಸಚಿವಾಲಯ, ಬ್ಯಾಂಕು, ಶಾಲೆ, ವಸ್ತುಸಂಗ್ರಹಾಲಯಗಳೆಲ್ಲ ಎದ್ದವು. ಆ ಕಾಲದ ನೇರ, ಸರಳ, ಬೆಳಕು ತುಂಬಿದ ಕಟ್ಟಡಗಳ ನಗರಭಾಗವನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಈ ಹೊಸ ರಾಜಧಾನಿಗೆ ಬ್ಯಾಸ್ಕೆಟ್‌ಬಾಲ್ ಬಂದದ್ದು ಅಮೆರಿಕದಿಂದ ಮರಳಿದವರ ಮೂಲಕ. ಅವರಲ್ಲಿ ಮುಖ್ಯನಾದವನು ಸ್ತೆಪೋನಾಸ್ ದಾರಿಯುಸ್. ಅಮೆರಿಕದ ಸೇನೆಯಲ್ಲಿದ್ದು ತಾಯ್ನಾಡಿಗೆ ಹಿಂದಿರುಗಿ ವಿಮಾನ ಚಾಲಕನಾದ ಈತ ಆಟದ ನಿಯಮಗಳನ್ನು ಲಿಥುವೇನಿಯನ್ ಭಾಷೆಯಲ್ಲಿ ಬರೆದ, ಆಡಿದ, ಆಡಿಸಿದ. 1922ರ ಏಪ್ರಿಲ್ 23ರಂದು ಕೌನಸ್‌ನಲ್ಲಿ ನಡೆದ ಪಂದ್ಯವನ್ನು ಆ ದೇಶದ ಬ್ಯಾಸ್ಕೆಟ್‌ಬಾಲ್‌ನ ಜನ್ಮದಿನವೆಂದು ಗಣಿಸುತ್ತಾರೆ. 1933ರ ಜುಲೈನಲ್ಲಿ ದಾರಿಯುಸ್ ತನ್ನ ಗೆಳೆಯ ಸ್ತಾಸಿಸ್ ಗಿರೇನಾಸ್ ಜೊತೆ ‘ಲಿತುವಾನಿಕ’ ಎಂಬ ಪುಟ್ಟ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ. ಆದರೆ ಕೌನಸ್ ತಲುಪುವ ಮೊದಲೇ ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ತೀರಿಕೊಂಡರು. ಊರಿನ ಮುಖ್ಯ ಕ್ರೀಡಾಂಗಣಕ್ಕೆ ಈಗಲೂ ಇವರಿಬ್ಬರದೇ ಹೆಸರು.

1937ರಲ್ಲಿ ರಿಗಾ ನಗರದಲ್ಲಿ ನಡೆದ ಯೂರೋಪಿಯನ್ ಚಾಂಪಿಯನ್‌ಷಿಪ್‌ಗೆ ಲಿಥುವೇನಿಯ ಹೊರಟಾಗ ಅದರಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸಿರಲಿಲ್ಲ. ಅಮೆರಿಕದಲ್ಲಿ ಬೆಳೆದ ಫೆಲಿಕ್ಸಾಸ್ ಕ್ರಿಯೌಚೂನಾಸ್ ಆಟಗಾರನೂ ತರಬೇತುದಾರನೂ ಆಗಿ ಮುನ್ನಡೆಸಿದ ಆ ತಂಡ ಚಿನ್ನ ಗೆದ್ದಿತು. ಗೆದ್ದ ದೇಶವೇ ಮುಂದಿನ ಪಂದ್ಯಾವಳಿಯ ಆತಿಥೇಯ. ಎರಡು ವರ್ಷದಲ್ಲಿ ಯೂರೋಪನ್ನು ಮನೆಗೆ ಕರೆಯಬೇಕು, ಆಡಿಸಲು ಮಾತ್ರ ತಕ್ಕ ಜಾಗವಿಲ್ಲ.

ಹೀಗೆ ಎದ್ದು ನಿಂತದ್ದು ಕೌನಸ್ ಕ್ರೀಡಾ ಸಭಾಂಗಣ. ಎಂಜಿನಿಯರ್ ಅನತೋಲಿಯುಸ್ ರೋಜೆನ್‌ಬ್ಲಿಯುಮಾಸ್ ಅದರ ವಿನ್ಯಾಸಕಾರ. ಜಾಲ್ಯಾಕಾಲ್ನಿಸ್ ಬಡಾವಣೆಯಲ್ಲಿ, ಊರಿನ ಹಳೆಯ ಓಕ್ ತೋಪಿನ ಪಕ್ಕದಲ್ಲಿ, ಕೆಲವೇ ತಿಂಗಳಲ್ಲಿ ಅದನ್ನು ಕಟ್ಟಿ ಮುಗಿಸಿದರು. ಬ್ಯಾಸ್ಕೆಟ್‌ಬಾಲ್‌ಗೆಂದೇ ಯೂರೋಪಿನಲ್ಲಿ ಕಟ್ಟಿದ ಮೊದಮೊದಲ ಒಳಾಂಗಣಗಳಲ್ಲಿ ಇದೂ ಒಂದು. ಆಗಿನ ಕಾಲದಲ್ಲಿ ಯೂರೋಪಿನ ಬಹಳಷ್ಟು ಪಂದ್ಯಗಳು ಬಯಲಲ್ಲೇ ನಡೆಯುತ್ತಿದ್ದವು. 1936ರ ಬರ್ಲಿನ್ ಒಲಿಂಪಿಕ್ಸ್‌ನ ಫೈನಲ್ ಕೂಡ ಮಳೆಯಲ್ಲಿ, ಕೆಸರಾದ ಅಂಕಣದಲ್ಲಿ ನಡೆದು 19–8ರಲ್ಲಿ ಮುಗಿದಿತ್ತು. ಆ ಫೈನಲ್ ಗೆದ್ದ ಅಮೆರಿಕ ತಂಡದಲ್ಲಿದ್ದ, ಲಾಸ್ ಏಂಜಲೀಸ್‌ನ ಲಿಥುವೇನಿಯನ್ ಕುಟುಂಬದ ಪ್ರಾನಾಸ್ ಲುಬಿನಾಸ್ 1939ರಲ್ಲಿ ತಂದೆತಾಯಿಯರ ನಾಡಿಗಾಗಿ ಆಡಲು ಬಂದ. ಮೇ ತಿಂಗಳಲ್ಲಿ ಹೊಸ ಸಭಾಂಗಣದ ಸುಣ್ಣ ಆರುವ ಹೊತ್ತಿಗೆ ನೆರೆಯ ಲಾಟ್ವಿಯದ ಎದುರು ಪಂದ್ಯ. ಕೊನೆಯ ಕ್ಷಣದಲ್ಲಿ ಲುಬಿನಾಸ್ ಎಸೆದ ಚೆಂಡು ಬುಟ್ಟಿಗೆ ಬಿತ್ತು, ಲಿಥುವೇನಿಯ 37–36ರಲ್ಲಿ ಗೆದ್ದಿತು. ಚಾಂಪಿಯನ್ ಪಟ್ಟವೂ ಉಳಿಯಿತು. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಯಿತು, ಮರುವರ್ಷ ಲಿಥುವೇನಿಯ ಎಂಬ ದೇಶವೇ ಭೂಪಟದಿಂದ ಮಾಯವಾಯಿತು. ಸಭಾಂಗಣ ಮಾತ್ರ ಉಳಿಯಿತು.

ಸ್ಥಾಪನೆ ಮತ್ತು ಮೊದಲ ಕಿರೀಟಗಳು: 1944–1951

ಹೊಸ ಕ್ಲಬ್ಬಿಗೆ ಇಟ್ಟ ಹೆಸರಿನ ಹಿಂದೆ ಐದು ಶತಮಾನಕ್ಕೂ ಹಳೆಯ ಒಂದು ಯುದ್ಧವಿದೆ. 1410ರ ಜುಲೈ 15ರಂದು ಪೋಲೆಂಡ್ ಮತ್ತು ಲಿಥುವೇನಿಯದ ಜಂಟಿ ಸೇನೆ ಜರ್ಮನ್ ಟ್ಯೂಟಾನಿಕ್ ಯೋಧರನ್ನು ಸೋಲಿಸಿದ ರಣಭೂಮಿಯನ್ನು ಲಿಥುವೇನಿಯನ್ನರು ಜಾಲ್ಗಿರಿಸ್ ಎನ್ನುತ್ತಾರೆ. ಹಿಟ್ಲರನ ವಿರುದ್ಧದ ಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಜರ್ಮನ್ನರನ್ನು ಸೋಲಿಸಿದ ಯುದ್ಧದ ಹೆಸರಿಗೆ ಮಾಸ್ಕೋ ಅಡ್ಡಿ ಮಾಡಲಿಲ್ಲ. ಊರಿನವರಿಗೆ ಮಾತ್ರ ಆ ಹೆಸರು ನೆನಪಿಸಿದ್ದು ಮಹಾ ಡ್ಯೂಕ್ ವಿತೌತಾಸ್‌ನನ್ನೂ ಅವನ ಕಾಲದ ಸ್ವತಂತ್ರ ರಾಜ್ಯವನ್ನೂ. ರಾಷ್ಟ್ರಧ್ವಜ ಹಾರಿಸಿದರೆ ಸೆರೆಮನೆ ಕಾಯುತ್ತಿದ್ದ ದಿನಗಳಲ್ಲಿ ಈ ಹೆಸರನ್ನು ಸಾವಿರಾರು ಜನ ಒಟ್ಟಿಗೆ ಗಟ್ಟಿಯಾಗಿ ಕೂಗಬಹುದಿತ್ತು. ಕ್ಲಬ್ಬಿನ ಸಾಮಾಜಿಕ ಪಾತ್ರ ಶುರುವಾಗುವುದೇ ಇಲ್ಲಿಂದ.

ಆ ವರ್ಷಗಳ ಕಷ್ಟ ಸಾಮಾನ್ಯದ್ದಲ್ಲ. ಹಳ್ಳಿಹಳ್ಳಿಗಳಿಂದ ಜನರನ್ನು ಸೈಬೀರಿಯಕ್ಕೆ ಗಡಿಪಾರು ಮಾಡಲಾಗುತ್ತಿತ್ತು, ಕಾಡುಗಳಲ್ಲಿ ಸಶಸ್ತ್ರ ಪ್ರತಿರೋಧ ನಡೆದಿತ್ತು. ಇಂಥ ಹೊತ್ತಿನಲ್ಲಿ 1939ರ ಸಭಾಂಗಣದಲ್ಲಿ ಆಟ ನೋಡಿ ಬೆಳೆದ ಹುಡುಗರು ಸೋವಿಯತ್ ಒಕ್ಕೂಟದ ಲೀಗ್‌ಗೆ ಇಳಿದರು. 1947ರಲ್ಲಿ ಜಾಲ್ಗಿರಿಸ್ ಸೋವಿಯತ್ ಚಾಂಪಿಯನ್ ಆಯಿತು, 1951ರಲ್ಲಿ ಮತ್ತೊಮ್ಮೆ. ಸ್ತೆಪಾಸ್ ಬುತೌತಾಸ್, ಯುಸ್ತಿನಾಸ್ ಲಗುನಾವಿಚಿಯುಸ್, ಕಜಿಮಿಯೆರಾಸ್ ಪೆಟ್ಕೆವಿಚಿಯುಸ್ ಆ ತಲೆಮಾರಿನ ದೊಡ್ಡ ಹೆಸರುಗಳು. ಸೋವಿಯತ್ ತಂಡ ಮೊದಲ ಸಲ ಯೂರೋಪಿಯನ್ ಚಾಂಪಿಯನ್‌ಷಿಪ್ ಆಡಿ ಗೆದ್ದ 1947ರ ಪ್ರಾಗ್ ಪಂದ್ಯಾವಳಿಯಲ್ಲೂ, ಬೆಳ್ಳಿ ಗೆದ್ದ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಜಾಲ್ಗಿರಿಸ್ ಆಟಗಾರರಿದ್ದರು. ಸೋವಿಯತ್ ಬ್ಯಾಸ್ಕೆಟ್‌ಬಾಲ್ ಎಂದು ಜಗತ್ತು ಹೊಗಳಿದ್ದರಲ್ಲಿ ಒಂದು ದೊಡ್ಡ ಪಾಲು ಬಾಲ್ಟಿಕ್ ನಾಡುಗಳದ್ದೇ ಆಗಿತ್ತು. ಯೂರೋಪಿನ ಚಾಂಪಿಯನ್ ಕ್ಲಬ್ಬುಗಳ ಕಪ್ ಶುರುವಾದಾಗ ಅದರ ಮೊದಲ ಮೂರು ಆವೃತ್ತಿಗಳನ್ನೂ ಗೆದ್ದದ್ದು ರಿಗಾ ನಗರದ ತಂಡ.

ಸೇನಾ ತಂಡದ ನೆರಳಲ್ಲಿ: 1952–1978

ಇದಾದ ಮೇಲೆ ಮೂರು ದಶಕಗಳ ಕಾಲ ಜಾಲ್ಗಿರಿಸ್‌ಗೆ ಚಾಂಪಿಯನ್ ಪಟ್ಟ ಸಿಗಲಿಲ್ಲ. ಕಾರಣ ಆಟಕ್ಕಿಂತ ವ್ಯವಸ್ಥೆಯಲ್ಲಿತ್ತು. ಮಾಸ್ಕೋದ ಸಿಎಸ್‌ಕೆಎ ಸೇನೆಯ ಕ್ಲಬ್ಬು. ಕಡ್ಡಾಯ ಸೇನಾ ಸೇವೆಯಿದ್ದ ದೇಶದಲ್ಲಿ ಯಾವ ಮೂಲೆಯ ಪ್ರತಿಭಾವಂತನನ್ನಾದರೂ ಸಮವಸ್ತ್ರ ತೊಡಿಸಿ ಕರೆಸಿಕೊಳ್ಳುವ ಅನುಕೂಲ ಅದಕ್ಕಿತ್ತು. ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಬಹುತೇಕ ಪ್ರತಿವರ್ಷವೂ ಪಟ್ಟ ಮಾಸ್ಕೋಗೇ ಹೋಯಿತು.

ಆದರೂ ಆ ಕಾಲ ಬರಡಲ್ಲ. ಸಮುದ್ರದ ಕಡೆಯ ಕ್ರೆಟಿಂಗ ಊರಿನಿಂದ ಬಂದ ಮೊದೆಸ್ತಾಸ್ ಪೌಲೌಸ್ಕಾಸ್ 1962ರಲ್ಲಿ ಹಸಿರು ಜೆರ್ಸಿ ತೊಟ್ಟು 1976ರವರೆಗೆ ಅದರಲ್ಲೇ ಉಳಿದ. 1965ರ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅತ್ಯುತ್ತಮ ಆಟಗಾರನೆನಿಸಿದ, ಎರಡು ಸಲ ವಿಶ್ವ ಚಾಂಪಿಯನ್ ತಂಡದಲ್ಲಿದ್ದ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು 51–50ರಲ್ಲಿ ಸೋಲಿಸಿದ, ಇವತ್ತಿಗೂ ಚರ್ಚೆ ಮುಗಿಯದ ಆ ಫೈನಲ್‌ನಲ್ಲಿ ಸೋವಿಯತ್ ತಂಡದ ನಾಯಕ ಈತನೇ. ಅದೇ ವರ್ಷದ ಮೇ ತಿಂಗಳಲ್ಲಿ ಕೌನಸ್‌ನಲ್ಲಿ ರೋಮಾಸ್ ಕಲಾಂತ ಎಂಬ ಹತ್ತೊಂಬತ್ತರ ತರುಣ ಸೋವಿಯತ್ ಆಡಳಿತವನ್ನು ಪ್ರತಿಭಟಿಸಿ ಬೆಂಕಿ ಹಚ್ಚಿಕೊಂಡಿದ್ದ, ಊರು ಬೀದಿಗಿಳಿದಿತ್ತು. ಒಂದೇ ವರ್ಷದ ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡದೆ ಈ ಕ್ಲಬ್ಬಿನ ಅಭಿಮಾನಿಯ ಮನಸ್ಸು ತಿಳಿಯದು. ತನ್ನೂರಿನ ನಾಯಕ ಯಾವ ದೇಶದ ಹೆಸರಿನಲ್ಲಿ ಚಿನ್ನ ಗೆದ್ದನೋ ಆ ದೇಶವನ್ನು ಈ ಅಭಿಮಾನಿ ತನ್ನದೆನ್ನಲಾರ. ಆದರೆ ಆಟಗಾರ ಮಾತ್ರ ಪೂರ್ತಿ ಅವನವನೇ.

ಸುವರ್ಣ ಕಾಲ: 1979–1989

1979ರಲ್ಲಿ ವ್ಲಾದಾಸ್ ಗರಸ್ತಾಸ್ ತರಬೇತುದಾರನಾಗಿ ಬಂದ. ಹತ್ತು ವರ್ಷ ತಂಡ ಕಟ್ಟಿದ. ದೂರದಿಂದ ಗುರಿ ತಪ್ಪದ ಸೆರ್ಗೆಯುಸ್ ಯೊವೈಶ, ರಿಮಾಸ್ ಕುರ್ತಿನೈತಿಸ್, ಆಟದ ಲಯ ಹಿಡಿದಿಡುವ ವಾಲ್ದೆಮಾರಸ್ ಹೊಮಿಚಿಯುಸ್ ಅವನ ಕೈಗೆ ಸಿಕ್ಕರು. 1981ರಲ್ಲಿ ಕೌನಸ್‌ನವನೇ ಆದ, ಇನ್ನೂ ಹದಿನೇಳು ತುಂಬದ ಹುಡುಗನೊಬ್ಬ ಹಿರಿಯರ ತಂಡಕ್ಕೆ ಬಂದ. ಅವನೇ ಅರ್ವಿದಾಸ್ ಸಬೋನಿಸ್.

ಸಬೋನಿಸ್ ಎತ್ತರ 221 ಸೆಂಟಿಮೀಟರ್. ಅಷ್ಟು ಎತ್ತರದವರನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ, ಬಂದ ಚೆಂಡನ್ನು ಹಾಕಿಸುವುದೇ ಅಂದಿನ ರೂಢಿ. ಈತ ರಿಬೌಂಡ್ ಹಿಡಿದ ಮರುಕ್ಷಣವೇ ಅಂಕಣದ ಆ ತುದಿಗೆ ಓಡುತ್ತಿದ್ದ ಜೊತೆಗಾರನ ಕೈಗೆ ಚೆಂಡು ಮುಟ್ಟಿಸುತ್ತಿದ್ದ. ಬೆನ್ನ ಹಿಂದಿನಿಂದ, ತಲೆಯ ಮೇಲಿನಿಂದ, ನೋಡದೆಯೇ ಪಾಸ್ ಕೊಡುತ್ತಿದ್ದ. ಹೊರಗೆ ನಿಂತು ಥ್ರೀ ಪಾಯಿಂಟರ್ ಹೊಡೆಯುತ್ತಿದ್ದ. ಎತ್ತರದ ಆಟಗಾರ ಹೀಗೂ ಆಡಬಹುದು ಎಂದು ಯೂರೋಪಿಗೆ ತೋರಿಸಿಕೊಟ್ಟವರಲ್ಲಿ ಅವನ ಸ್ಥಾನ ಮೊದಲನೆಯದು. ಈಗ ಎನ್‌ಬಿಎಯಲ್ಲಿ ಯೂರೋಪಿನ ಸೆಂಟರ್‌ಗಳ ಪಾಸ್ ನೋಡಿ ಬೆರಗಾಗುವವರು ಹಳೆಯ ಕೌನಸ್ ಪಂದ್ಯಗಳ ದೃಶ್ಯಗಳನ್ನೊಮ್ಮೆ ನೋಡಬೇಕು.

1985, 1986, 1987: ಸತತ ಮೂರು ವರ್ಷ ಸೋವಿಯತ್ ಲೀಗ್‌ನ ಪಟ್ಟ ಕೌನಸ್‌ಗೆ ಬಂತು, ಅದೂ ಸಿಎಸ್‌ಕೆಎ ತಂಡವನ್ನು ಹಿಂದಿಕ್ಕಿ. ಇದರ ತೂಕ ಅಂಕಗಳಲ್ಲಿ ಸಿಗುವುದಿಲ್ಲ. ದೂರದರ್ಶನದಲ್ಲಿ ಇಡೀ ಲಿಥುವೇನಿಯ ನೋಡುತ್ತಿದ್ದದ್ದು ಮಾಸ್ಕೋದ ಸೇನಾ ತಂಡ ತಮ್ಮೂರ ಹುಡುಗರೆದುರು ಸೋಲುವುದನ್ನು. ರಾಜಕೀಯವನ್ನು ಬಾಯಿಬಿಟ್ಟು ಆಡಲಾಗದ ಕಾಲದಲ್ಲಿ ಜನ ತಮ್ಮ ಸ್ವಾಭಿಮಾನವನ್ನು ಹೊರಗೆಡಹಲು ಸಿಕ್ಕ ಕಾನೂನುಬದ್ಧ ಜಾಗ ಆ ಸಭಾಂಗಣವಾಗಿತ್ತು. 1988ರಲ್ಲಿ ‘ಸಾಯುದಿಸ್’ ಸ್ವಾತಂತ್ರ್ಯ ಚಳವಳಿ ಬಯಲಿಗೆ ಬರುವ ಮೊದಲೇ ಜಾಲ್ಗಿರಿಸ್ ಪಂದ್ಯಗಳಲ್ಲಿ ಜನ ಒಟ್ಟಾಗುವುದನ್ನು ಕಲಿತಿದ್ದರು. ಕ್ಲಬ್ಬು ಸ್ವಾತಂತ್ರ್ಯ ತಂದಿತು ಎಂದರೆ ಅತಿಯಾದೀತು. ಜನರ ಎದೆಯಲ್ಲಿ ಆ ಕಾವು ಆರದಂತೆ ಅದು ಕಾಪಾಡಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಯೂರೋಪಿನಲ್ಲಿ ಅದೃಷ್ಟ ಅಷ್ಟು ಜೊತೆಗೂಡಲಿಲ್ಲ. 1985ರಲ್ಲಿ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು ಸೋಲು. 1986ರ ಏಪ್ರಿಲ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಚಾಂಪಿಯನ್ ಕ್ಲಬ್ಬುಗಳ ಕಪ್ ಫೈನಲ್. ಎದುರಾಳಿ ದ್ರಾಜೆನ್ ಪೆತ್ರೋವಿಚ್‌ನ ಜಾಗ್ರೆಬ್ ತಂಡ ಸಿಬೋನ. ದ್ವಿತೀಯಾರ್ಧದಲ್ಲಿ ಕೈಕೈ ಮಿಲಾಯಿಸಿದ ಒಂದು ಪ್ರಕರಣದಲ್ಲಿ ಸಬೋನಿಸ್ ಅಂಕಣದಿಂದ ಹೊರಹೋಗಬೇಕಾಯಿತು. ಜಾಲ್ಗಿರಿಸ್ 94–82ರಲ್ಲಿ ಸೋತಿತು. ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದದ್ದು ಈ ನೋವಿಗೆ ಸ್ವಲ್ಪ ಮುಲಾಮಾಯಿತು.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಚಿನ್ನ ಗೆದ್ದಾಗ ಅದರ ಬೆನ್ನೆಲುಬಾಗಿದ್ದವರು ನಾಲ್ವರು ಲಿಥುವೇನಿಯನ್ನರು. ಅವರಲ್ಲಿ ಸಬೋನಿಸ್, ಕುರ್ತಿನೈತಿಸ್, ಹೊಮಿಚಿಯುಸ್ ಮೂವರೂ ಜಾಲ್ಗಿರಿಸ್‌ನವರು, ನಾಲ್ಕನೆಯವ ವಿಲ್ನಿಯಸ್‌ನ ಶಾರೂನಾಸ್ ಮಾರ್ಚುಲ್ಯೋನಿಸ್. ಗೆದ್ದವರಿಗೆ ವಿದೇಶದಲ್ಲಿ ಆಡಲು ಬಾಗಿಲು ತೆರೆಯಿತು. 1989ರಲ್ಲಿ ಸಬೋನಿಸ್ ಸ್ಪೇನಿಗೆ ಹೊರಟ, ಬೇರೆಯವರೂ ಒಬ್ಬೊಬ್ಬರಾಗಿ ಹೋದರು. ಊರಿಗೆ ಇದು ಕಹಿಯಾದರೂ ಯಾರೂ ಅವರನ್ನು ದೂರಲಿಲ್ಲ. ಅಷ್ಟು ವರ್ಷ ಆಡಿದ್ದಕ್ಕೆ ಅವರಿಗೆ ಸಿಕ್ಕದ್ದೆಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೊಸ ದೇಶ, ಬರಿಗೈ: 1990–1997

1990ರ ಮಾರ್ಚ್ 11ರಂದು ಲಿಥುವೇನಿಯ ಸ್ವಾತಂತ್ರ್ಯವನ್ನು ಮರುಘೋಷಿಸಿತು. ಜಾಲ್ಗಿರಿಸ್ ಸೋವಿಯತ್ ಲೀಗ್‌ನಿಂದ ಹೊರಬಂತು. ಈ ನಿರ್ಧಾರಕ್ಕೆ ತೆತ್ತ ಬೆಲೆ ದೊಡ್ಡದು. ಬಲಿಷ್ಠ ಎದುರಾಳಿಗಳಿದ್ದ ಲೀಗ್ ಕೈತಪ್ಪಿತು, ಸರಕಾರದ ಹಣ ನಿಂತಿತು, ಹೆಸರಾಂತ ಆಟಗಾರರು ಆಗಲೇ ಹೊರದೇಶದಲ್ಲಿದ್ದರು. ಮಾಸ್ಕೋ ಹೇರಿದ ಆರ್ಥಿಕ ದಿಗ್ಬಂಧನದಲ್ಲಿ ಇಂಧನಕ್ಕೇ ಪರದಾಟ. 1991ರ ಜನವರಿ 13ರಂದು ವಿಲ್ನಿಯಸ್‌ನ ಟಿವಿ ಗೋಪುರದ ಬಳಿ ಸೋವಿಯತ್ ಟ್ಯಾಂಕುಗಳೆದುರು ನಿರಾಯುಧ ಜನ ಪ್ರಾಣ ಕೊಟ್ಟರು. ಅಂಥ ಚಳಿಗಾಲದಲ್ಲಿ ಕ್ಲಬ್ಬೊಂದು ಬದುಕಿ ಉಳಿದದ್ದೇ ಸಾಧನೆ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಲಿಥುವೇನಿಯ ಕಂಚಿನ ಪದಕಕ್ಕಾಗಿ ಆಡಿದ್ದು ಹಳೆಯ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡದ ಎದುರು. 82–78ರಲ್ಲಿ ಗೆದ್ದಿತು. ತಂಡದ ತರಬೇತುದಾರ ಗರಸ್ತಾಸ್, ಅವನ ಸಹಾಯಕರಲ್ಲಿ ಯೋನಾಸ್ ಕಜ್ಲೌಸ್ಕಾಸ್ ಒಬ್ಬ. ಆಡಿದವರಲ್ಲಿ ಜಾಲ್ಗಿರಿಸ್‌ನ ಹಳೆಯ ಹುಲಿಗಳೇ ಮುಂದಿದ್ದರು. 1993ರಲ್ಲಿ ದೇಶದ ಸ್ವಂತ ವೃತ್ತಿಪರ ಲೀಗ್ ಶುರುವಾಯಿತು. 1994ರ ಮೊದಲ ಪಟ್ಟದಿಂದ ಹಿಡಿದು 1999ರವರೆಗೆ ಅದು ಕೌನಸ್ ಬಿಟ್ಟು ಕದಲಲಿಲ್ಲ.

ಯೂರೋಪಿನ ತುದಿಯಲ್ಲಿ: 1998–1999

ಕಜ್ಲೌಸ್ಕಾಸ್ ಜಾಲ್ಗಿರಿಸ್ ತರಬೇತಿಯ ಹೊಣೆ ಹೊತ್ತ ಮೇಲೆ ಸ್ಥಳೀಯ ಹುಡುಗರ ಜೊತೆಗೆ ಆಯ್ದ ಕೆಲವೇ ವಿದೇಶಿಗರನ್ನು ಸೇರಿಸಿದ. 1998ರ ಏಪ್ರಿಲ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಮಿಲಾನ್ ತಂಡವನ್ನು 82–67ರಲ್ಲಿ ಸೋಲಿಸಿ ಯೂರೋಕಪ್ ಗೆದ್ದರು. ಯೂರೋಪಿನ ಕಪ್ಪೊಂದು ಕೌನಸ್‌ಗೆ ಬಂದದ್ದು ಅದೇ ಮೊದಲು.

ಮರುವರ್ಷ ಯೂರೋಲೀಗ್. ಈ ಸಲ ತಂಡಕ್ಕೆ ಬಂದ ಟೈಸ್ ಎಡ್ನಿ 178 ಸೆಂಟಿಮೀಟರ್ ಎತ್ತರದ ಅಮೆರಿಕನ್ ಗಾರ್ಡ್. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯ ಅಮೆರಿಕದ ಕಾಲೇಜು ಚಾಂಪಿಯನ್ ಆದಾಗ ಅವನ ಜೊತೆಗಿದ್ದ ಚೆಕ್ ಸೆಂಟರ್ ಯಿರ್ಜಿ ಜೀಡೆಕ್ ಕೂಡ ಈಗ ಕೌನಸ್‌ನಲ್ಲೇ ಇದ್ದ. ಎನ್‌ಬಿಎ ಕಂಡುಬಂದ ಅನುಭವಿ ಆಂಟನಿ ಬೋವಿ ಜೊತೆಯಾದ. ಸ್ಥಳೀಯರಲ್ಲಿ ಸೌಲಿಯುಸ್ ಶ್ಟೊಂಬೆರ್ಗಾಸ್, ತೋಮಾಸ್ ಮಸಿಯುಲಿಸ್, ಮಿಂದೌಗಾಸ್ ಜುಕೌಸ್ಕಾಸ್, ದಾರಿಯುಸ್ ಮಸ್ಕೋಲ್ಯೂನಾಸ್ ಮುಂತಾದವರು. ಎಡ್ನಿ ಚೆಂಡು ಹಿಡಿದು ಎದುರಾಳಿಗಳ ಮೊಣಕೈ ಕೆಳಗಿಂದ ನುಗ್ಗುತ್ತಿದ್ದ. ಅವನನ್ನು ತಡೆಯಲು ಇಬ್ಬರು ಬಂದರೆ ಹೊರಗೆ ಶ್ಟೊಂಬೆರ್ಗಾಸ್ ಒಂಟಿಯಾಗಿ ಸಿಗುತ್ತಿದ್ದ. ದೊಡ್ಡ ಬಜೆಟ್ಟಿನ ತಂಡಗಳು ನಿಧಾನವಾಗಿ, ಎದುರಾಳಿಯನ್ನು ಉಸಿರುಗಟ್ಟಿಸಿ ಗೆಲ್ಲುತ್ತಿದ್ದ ಆ ವರ್ಷಗಳಲ್ಲಿ ಕೌನಸ್ ತಂಡ ಓಡಿ ಆಡಿತು. ಯೂರೋಪಿನ ಆಟದ ಅಂದ ಮರಳಿ ಬಂದದ್ದರಲ್ಲಿ ಈ ತಂಡದ ಪಾಲಿದೆ ಎಂದು ನಾನು ನಂಬಿದ್ದೇನೆ.

ಮ್ಯೂನಿಕ್‌ನ ಫೈನಲ್ ಫೋರ್‌ನಲ್ಲಿ ಮೊದಲು ಗ್ರೀಸ್‌ನ ಒಲಿಂಪಿಯಾಕೋಸ್ 87–71ರಲ್ಲಿ ಸೋತಿತು. 1999ರ ಏಪ್ರಿಲ್ 22ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್ ಬೊಲೋನ್ಯ. ಜಾಲ್ಗಿರಿಸ್ 82–74ರಲ್ಲಿ ಗೆದ್ದಿತು, ಎಡ್ನಿ ಅತ್ಯುತ್ತಮ ಆಟಗಾರನಾದ. ಬುಡಾಪೆಸ್ಟ್‌ನಲ್ಲಿ ಕೈತಪ್ಪಿದ ಕಪ್ಪು ಹದಿಮೂರು ವರ್ಷದ ಮೇಲೆ ಮನೆಗೆ ಬಂತು. ಯೂರೋಪಿನ ಶ್ರೇಷ್ಠ ಕ್ಲಬ್ಬು ತನ್ನ ಮನೆಯ ಪಂದ್ಯಗಳನ್ನು ಆಗಲೂ ಆಡುತ್ತಿದ್ದದ್ದು 1939ರಲ್ಲಿ ಕಟ್ಟಿದ, ಸುಮಾರು 5,000 ಜನ ಹಿಡಿಸುವ ಅದೇ ಸಭಾಂಗಣದಲ್ಲಿ.

ಏರುಪೇರಿನ ಕಾಲ: 2000–2013

ಗೆದ್ದ ತಂಡ ಬಹುಬೇಗ ಚದುರಿತು, ಎಡ್ನಿ ಇಟಲಿಗೆ ಹೋದ. 2000ದಲ್ಲಿ ದೇಶದ ಪಟ್ಟ ವಿಲ್ನಿಯಸ್‌ನ ಲಿತುವೋಸ್ ರಿತಾಸ್ ತಂಡದ ಪಾಲಾಯಿತು. ಅಂದಿನಿಂದ ಇಂದಿನವರೆಗೆ ಹಳೆಯ ಮತ್ತು ತಾತ್ಕಾಲಿಕ ರಾಜಧಾನಿಗಳ ಈ ಪೈಪೋಟಿ ಲಿಥುವೇನಿಯನ್ ಬ್ಯಾಸ್ಕೆಟ್‌ಬಾಲ್‌ನ ಜೀವಾಳ.

ಪೋರ್ಟ್‌ಲೆಂಡ್‌ನಲ್ಲಿ ಎನ್‌ಬಿಎ ದಿನಗಳನ್ನು ಮುಗಿಸಿ ಸಬೋನಿಸ್ 2003ರಲ್ಲಿ ಕೊನೆಯ ಋತು ಆಡಲು ಊರಿಗೆ ಮರಳಿದ. ಪದೇ ಪದೇ ಗಾಯಗೊಂಡು ಭಾರವಾಗಿದ್ದ ಕಾಲುಗಳು, ವಯಸ್ಸು 39. ಆದರೂ ಯೂರೋಲೀಗ್‌ನ ಮೊದಲ ಹಂತದಲ್ಲೂ ಹದಿನಾರರ ಘಟ್ಟದಲ್ಲೂ ಅತ್ಯುತ್ತಮ ಆಟಗಾರ ಅವನೇ. 2004ರ ಏಪ್ರಿಲ್ 8ರಂದು ಟೆಲ್ ಅವಿವ್‌ನಲ್ಲಿ ಮಕಾಬಿ ಎದುರಿನ ಪಂದ್ಯ ಗೆದ್ದರೆ ಫೈನಲ್ ಫೋರ್. ಐದು ಫೌಲಾಗಿ ಸಬೋನಿಸ್ ಬೆಂಚಿನಲ್ಲಿ ಕೂತಿದ್ದ. ಎರಡು ಸೆಕೆಂಡು ಬಾಕಿ, ಜಾಲ್ಗಿರಿಸ್ ಮೂರು ಅಂಕ ಮುಂದೆ, ಫ್ರೀ ಥ್ರೋ ಕೂಡ ಅವರದೇ. ಅದು ತಪ್ಪಿತು. ಮಕಾಬಿಯವರು ಚೆಂಡನ್ನು ಅಂಕಣದ ಉದ್ದಕ್ಕೂ ಎಸೆದರು. ಡೆರಿಕ್ ಶಾರ್ಪ್ ಹಿಡಿದು, ತಿರುಗಿ, ಗೆರೆಯ ಹೊರಗಿಂದಲೇ ಎಸೆದ. ಪಂದ್ಯ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಜಾಲ್ಗಿರಿಸ್ 107–99ರಲ್ಲಿ ಸೋತಿತು. ಆ ವರ್ಷದ ಕಪ್ ಮಕಾಬಿಯದ್ದಾಯಿತು. ಕೌನಸ್‌ನಲ್ಲಿ ಆ ಎರಡು ಸೆಕೆಂಡುಗಳ ಮಾತು ಎತ್ತಿದರೆ ಸಾಕು, ಇವತ್ತಿಗೂ ಹಿರಿಯರ ಮುಖ ಬಾಡುತ್ತದೆ.

ಕ್ಲಬ್ಬಿನ ಆಡಳಿತದಲ್ಲೂ ಸಬೋನಿಸ್ ಹೊಣೆ ಹೊತ್ತ. ಆದರೆ ಬರಿಯ ಅಭಿಮಾನದಿಂದ ಯೂರೋಲೀಗ್ ತಂಡದ ಸಂಬಳ ಕೊಡಲಾಗದು. 2009ರ ಹೊತ್ತಿಗೆ ಸಾಲ ಏರಿ, ಕ್ಲಬ್ಬಿನ ಒಡೆತನ ಒಬ್ಬ ಬ್ಯಾಂಕ್ ಉದ್ಯಮಿಯ ಕೈಗೆ ಹೋಯಿತು. ಆ ವರ್ಷಗಳಲ್ಲಿ ತರಬೇತುದಾರರು ಮೇಲಿಂದ ಮೇಲೆ ಬದಲಾದರು. ಒಳಗೆ ಭಿನ್ನಾಭಿಪ್ರಾಯಗಳಿದ್ದವು, ಕೆಲವು ಪತ್ರಿಕೆಗೂ ಬಂದವು. ಎಲ್ಲರ ಹಟದ ಹಿಂದೆ ಇದ್ದದ್ದು ಗೆಲ್ಲಬೇಕೆಂಬ ತವಕವೇ. 2013ರಲ್ಲಿ ಆ ಬ್ಯಾಂಕೇ ಕುಸಿದಾಗ ಕ್ಲಬ್ಬು ಮತ್ತೆ ಬರಿಗೈಯಾಯಿತು. ಈ ಸಲ ಅದನ್ನು ಎತ್ತಿ ನಿಲ್ಲಿಸಿದ್ದು ಒಬ್ಬ ಸಿರಿವಂತನಲ್ಲ. ಟಿಕೆಟ್ಟು ಕೊಂಡು ಬರುವ ಜನ, ಊರಿನ ಸಣ್ಣಪುಟ್ಟ ಪ್ರಾಯೋಜಕರು ಮತ್ತು ಒಂದು ಹೊಸ ಕಟ್ಟಡ.

ನದಿಯ ದ್ವೀಪದ ಮೇಲಿನ ಮನೆ: 2011

ದೊಡ್ಡ ಲೀಗ್‌ನಲ್ಲಿ ಉಳಿಯಬೇಕಾದರೆ ದೊಡ್ಡ ಒಳಾಂಗಣ ಬೇಕೇ ಬೇಕು ಎಂಬ ಸ್ಥಿತಿ ಬಂದಿತ್ತು. 2011ರ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಆತಿಥ್ಯ ಲಿಥುವೇನಿಯಕ್ಕೆ ಸಿಕ್ಕದ್ದು ನೆಪವಾಯಿತು. ಊರಿನ ನಡುವೆ ಹರಿಯುವ ನೆಮುನಸ್ ನದಿಯ ದ್ವೀಪದಲ್ಲಿ, ವಾಸ್ತುಶಿಲ್ಪಿ ಎವ್ಗೆನಿಯುಸ್ ಮಿಲಿಯೂನಾಸ್ ವಿನ್ಯಾಸದ ಜಾಲ್ಗಿರಿಸ್ ಅರೀನಾ 2011ರ ಆಗಸ್ಟ್ 18ರಂದು ತೆರೆಯಿತು. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ 15,000ಕ್ಕೂ ಹೆಚ್ಚು ಜನ ಕೂರಬಹುದು. ಬಾಲ್ಟಿಕ್ ದೇಶಗಳಲ್ಲೇ ಇದಕ್ಕಿಂತ ದೊಡ್ಡ ಒಳಾಂಗಣವಿಲ್ಲ. 1939ರಂತೆಯೇ ಈ ಸಲವೂ ಒಂದು ಚಾಂಪಿಯನ್‌ಷಿಪ್‌ಗಾಗಿ ಕಟ್ಟಡ ಎದ್ದಿತ್ತು. ಫಲಿತಾಂಶ ಮಾತ್ರ ಬೇರೆ: ಕ್ವಾರ್ಟರ್ ಫೈನಲ್‌ನಲ್ಲಿ ಲಿಥುವೇನಿಯ ಮೆಸಿಡೋನಿಯಕ್ಕೆ ಎರಡೇ ಅಂಕದಿಂದ ಸೋತಿತು, ಕಪ್ ಸ್ಪೇನ್ ಒಯ್ದಿತು.

ಇಷ್ಟು ಸಣ್ಣ ಊರಿನಲ್ಲಿ ಇಷ್ಟು ದೊಡ್ಡ ಕಟ್ಟಡ ತುಂಬುವುದುಂಟೇ ಎಂದು ಅನುಮಾನಿಸಿದವರಿದ್ದರು. ತುಂಬಿತು. ಯೂರೋಲೀಗ್‌ನಲ್ಲಿ ಅತಿ ಹೆಚ್ಚು ಪ್ರೇಕ್ಷಕರು ಬರುವ ತಾಣಗಳಲ್ಲಿ ಕೌನಸ್ ಕಾಯಂ ಹೆಸರಾಯಿತು. ಪಂದ್ಯವಿಲ್ಲದ ದಿನ ಸಂಗೀತ ಕಛೇರಿ, ಸಮಾರಂಭ. ಕ್ಲಬ್ಬಿನ ವಹಿವಾಟೂ ಅರೀನಾದ ವಹಿವಾಟೂ ಒಂದಕ್ಕೊಂದು ಆಸರೆಯಾದದ್ದರಿಂದಲೇ 2013ರ ಹೊಡೆತವನ್ನು ತಾಳಿಕೊಳ್ಳಲು ಸಾಧ್ಯವಾಯಿತು. ಹಳೆಯ ಸಭಾಂಗಣ ಓಕ್ ತೋಪಿನ ಪಕ್ಕ ಈಗಲೂ ನಿಂತಿದೆ.

ಇತ್ತೀಚಿನ ಅಧ್ಯಾಯ: 2014–2025

ಕೌನಸ್‌ನಲ್ಲೇ ಹುಟ್ಟಿದ ಶಾರೂನಾಸ್ ಯಾಸಿಕೆವಿಚಿಯುಸ್ ಮೂರು ಬೇರೆ ಬೇರೆ ಕ್ಲಬ್ಬುಗಳ ಜೊತೆ ಯೂರೋಲೀಗ್ ಗೆದ್ದವನು. ಆಟಗಾರನಾಗಿ ಕೊನೆಯ ಋತುವನ್ನು ಜಾಲ್ಗಿರಿಸ್‌ನಲ್ಲಿ ಆಡಿದ, 2016ರ ಜನವರಿಯಲ್ಲಿ ಮುಖ್ಯ ತರಬೇತುದಾರನಾದ. ಬೇರೆ ದೊಡ್ಡ ತಂಡಗಳ ಬೆಂಚಿನಲ್ಲಿ ಕೂತಿದ್ದವರನ್ನು, ಯಾರೂ ಬೆಲೆ ಕಟ್ಟದವರನ್ನು ಕರೆತಂದು ಬೆಳೆಸಿದ. ಕೆನಡದ ಕೆವಿನ್ ಪಾಂಗೋಸ್, ಸರ್ಬಿಯದ ವಾಸಿಲಿಯೆ ಮಿತ್ಸಿಚ್ ಹೀಗೆ ಮೇಲೆ ಬಂದವರು. ನಡುವೆ ಕಂಬದಂತೆ ನಿಂತವನು ಪೌಲಿಯುಸ್ ಯಾಂಕೂನಾಸ್. 2003ರಲ್ಲಿ ತಂಡಕ್ಕೆ ಬಂದ ಈ ಕೌನಸ್ ಹುಡುಗ, ನಡುವಿನ ಸಣ್ಣ ವಿರಾಮ ಬಿಟ್ಟರೆ, 2022ರಲ್ಲಿ ನಿವೃತ್ತನಾಗುವವರೆಗೂ ಇಲ್ಲೇ ಆಡಿದ.

2018ರಲ್ಲಿ ಒಲಿಂಪಿಯಾಕೋಸ್ ತಂಡವನ್ನು 3–1ರಲ್ಲಿ ಮಣಿಸಿ ಜಾಲ್ಗಿರಿಸ್ 1999ರ ನಂತರ ಮೊದಲ ಸಲ ಫೈನಲ್ ಫೋರ್ ತಲುಪಿತು. ಬೆಲ್‌ಗ್ರೇಡ್‌ನಲ್ಲಿ ಸೆಮಿಫೈನಲ್ ಫೆನರ್‌ಬಾಚೆ ಪಾಲಾಯಿತು. ಮೂರನೆಯ ಸ್ಥಾನಕ್ಕೆ ಎದುರಾದದ್ದು ಸಿಎಸ್‌ಕೆಎ ಮಾಸ್ಕೋ. ಆ ವರ್ಷದ ಬಜೆಟ್ ಲೆಕ್ಕದಲ್ಲಿ ಎರಡು ತಂಡಗಳಿಗೂ ಹೋಲಿಕೆಯೇ ಇಲ್ಲ. ಜಾಲ್ಗಿರಿಸ್ 79–77ರಲ್ಲಿ ಗೆದ್ದಿತು. ಮೂರನೆಯ ಸ್ಥಾನದ ಪಂದ್ಯಕ್ಕೆ ಸಾಮಾನ್ಯವಾಗಿ ಯಾರೂ ಬೆಲೆ ಕೊಡುವುದಿಲ್ಲ. ಕೌನಸ್ ಕೊಟ್ಟಿತು, ಅದಕ್ಕೆ ಕಾರಣವನ್ನು ಈ ಲೇಖನದ ಮೊದಲ ಭಾಗ ಓದಿದವರಿಗೆ ಹೇಳಬೇಕಾಗಿಲ್ಲ.

2011ರಿಂದ 2021ರವರೆಗೆ ಹನ್ನೊಂದು ವರ್ಷ ದೇಶದ ಪಟ್ಟ ಬೇರೆ ಕಡೆ ಹೋಗಲಿಲ್ಲ. ಕೋವಿಡ್ ಕಾಲದಲ್ಲಿ ಅರೀನಾ ಖಾಲಿಯಾಗಿ ನಿಂತದ್ದು, ಟಿಕೆಟ್ ಹಣವನ್ನೇ ನಂಬಿದ ಕ್ಲಬ್ಬಿಗೆ ಭಾರಿ ಪೆಟ್ಟು. 2022ರಲ್ಲಿ ಪಟ್ಟ ವಿಲ್ನಿಯಸ್‌ಗೆ ಹೋಯಿತು, ಯೂರೋಲೀಗ್‌ನಲ್ಲೂ ತಂಡ ತಳಕ್ಕೆ ಜಾರಿತು. ಮರುವರ್ಷ ಕಜಿಸ್ ಮಕ್ಸ್‌ವಿತಿಸ್ ತರಬೇತಿಯಲ್ಲಿ ಚೇತರಿಸಿಕೊಂಡು ಪ್ಲೇಆಫ್ ತಲುಪಿತು, ದೇಶದ ಪಟ್ಟವನ್ನೂ ಮರಳಿ ತಂದಿತು. 2023ರ ಮೇ ತಿಂಗಳಲ್ಲಿ ಯೂರೋಲೀಗ್ ಫೈನಲ್ ಫೋರ್ ಕೌನಸ್‌ನಲ್ಲೇ ನಡೆಯಿತು. ಫೈನಲ್‌ನಲ್ಲಿ ಸೆರ್ಹಿಯೊ ಯೂಲ್‌ನ ಕೊನೆಯ ಎಸೆತದಿಂದ ರಿಯಲ್ ಮ್ಯಾಡ್ರಿಡ್ 79–78ರಲ್ಲಿ ಗೆದ್ದದ್ದು ಈ ದ್ವೀಪದ ಅರೀನಾದಲ್ಲಿ.

ಎಂಬತ್ತನೆಯ ವರ್ಷವಾದ 2024ರಲ್ಲಿ ಲೀಗ್ ಪಟ್ಟ ಮತ್ತೆ ರಿತಾಸ್‌ಗೆ ಹೋಯಿತು. ಹಬ್ಬದ ವರ್ಷದಲ್ಲಿ ಇದು ನೋವೇ. ಆದರೆ ಇಷ್ಟು ಸಣ್ಣ ದೇಶದಲ್ಲಿ ಎರಡು ಬಲವಾದ ತಂಡಗಳಿರುವುದರಿಂದಲೇ ಎರಡಕ್ಕೂ ಹುರುಪು ಎಂಬುದು ನನ್ನ ಅಭಿಪ್ರಾಯ. 2025ರಲ್ಲಿ ಜಾಲ್ಗಿರಿಸ್ ಪಟ್ಟವನ್ನು ಮರಳಿ ಗೆದ್ದಿತು. ಆ ಬೇಸಿಗೆಯಲ್ಲಿ ಮುಖ್ಯ ತರಬೇತುದಾರನ ಸ್ಥಾನಕ್ಕೆ ಬಂದವನು 1999ರಲ್ಲಿ ಮ್ಯೂನಿಕ್‌ನಲ್ಲಿ ಆಡಿದ್ದ, ಆಮೇಲೆ ಸಹಾಯಕ ತರಬೇತುದಾರನಾಗಿ ಹಲವು ವರ್ಷ ದುಡಿದ ತೋಮಾಸ್ ಮಸಿಯುಲಿಸ್.